ಹಳೆಯ ಸುಣ್ಣ, ಹೊಸ ನ್ಯಾನೊ ಪುಡಿ

(ಶಿವಗಂಗೆಯಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಹೊಲದ ಕೆಲಸ ಮುಗಿಸಿ, ದನಕರುಗಳಿಗೆ ಮೇವು ಹಾಕಿ, ಹುಳುವಿಗೆ ರಾತ್ರಿಯ ಸೊಪ್ಪು ಕೊಟ್ಟು ಇಲ್ಲಿಗೆ ಬಂದಿದ್ದೀರಿ. ತಮ್ಮ ಹೊತ್ತನ್ನು ಹೆಚ್ಚಾಗಿ ತೆಗೆದುಕೊಳ್ಳುವುದಿಲ್ಲ. ಇಂದು ಒಂದೇ ವಿಷಯ ಹೇಳಬೇಕೆಂದಿದ್ದೇನೆ. ಅದು ತಮ್ಮ ಹುಳು ಮನೆಗೂ ಕೊಟ್ಟಿಗೆಗೂ ಸಂಬಂಧಪಟ್ಟದ್ದು.

ಹೋದ ತಿಂಗಳು ನಮ್ಮ ಸೋಂಪುರ ಹೋಬಳಿಯ ಒಂದು ಹಳ್ಳಿಯಲ್ಲಿ ಒಬ್ಬ ಅಕ್ಕ ನನ್ನನ್ನು ಕರೆದು ಒಂದು ಬಾಟಲಿ ತೋರಿಸಿದರು. "ನೋಡಪ್ಪ, ಇದು ನ್ಯಾನೊ ಔಷಧಿಯಂತೆ. ಎಂಥಾ ವೈರಸ್ ಇದ್ದರೂ ಸಾಯ್ತದಂತೆ. ಹುಳುವಿನ ಮೇಲೂ ಹೊಡೀಬಹುದು, ಹಸುವಿಗೂ ಕುಡಿಸಬಹುದು ಅಂತ ಹೇಳಿ ಕೊಟ್ಟೋದ. ನಮ್ಮದು ನೂರು ಮೊಟ್ಟೆ ಹುಳು ಮೂರನೇ ಜ್ವರದಲ್ಲಿ ಕೂತದೆ. ಹೊಡೀಲಾ, ಬೇಡ್ವಾ?" ಎಂದು ಕೇಳಿದರು.

ಬಾಟಲಿಯನ್ನು ತಿರುಗಿಸಿ ನೋಡಿದೆ. ತಯಾರಿಸಿದವರ ಹೆಸರಿಲ್ಲ, ತಾರೀಖಿಲ್ಲ, ಒಳಗೆ ಏನಿದೆ ಎಂಬುದೂ ಇಲ್ಲ. "ಬೇಡಕ್ಕ, ಒಂದು ಹನಿಯನ್ನೂ ಹುಳುವಿನ ಮೇಲೆ ಹಾಕಬೇಡಿ" ಎಂದೆ. ಅವರು ಹಾಕಲಿಲ್ಲ. ಹುಳು ಹಣ್ಣಾಗಿ ಚಂದ್ರಿಕೆ ಹತ್ತಿತು. ಆದರೆ ಆ ಅಕ್ಕ ಮತ್ತೊಂದು ಪ್ರಶ್ನೆ ಕೇಳಿದರು: "ಹಾಗಾದರೆ ವೈರಸ್ ಕೊಲ್ಲೋ ನ್ಯಾನೊ ಪುಡಿ ಅನ್ನೋದೇ ಸುಳ್ಳಾ?"

ಸುಳ್ಳಲ್ಲ. ಅದು ನಿಜ. ನಿಜವಾಗಿದ್ದರೂ ನಾನು ಏಕೆ ಬೇಡವೆಂದೆ ಎಂಬುದನ್ನು ಹೇಳುವುದಕ್ಕೆ ಇಂದು ನಿಂತಿದ್ದೇನೆ.

ಮೊದಲು ವೈರಸ್ ಎಂದರೇನು ನೋಡೋಣ. ಅದು ಹುಳುವಲ್ಲ, ಬೂಷ್ಟೂ ಅಲ್ಲ. ಅದಕ್ಕೆ ತಾನಾಗಿ ತಿನ್ನುವುದೂ ಬೆಳೆಯುವುದೂ ತಿಳಿಯದು. ದನದ ಮೈಯೊಳಗೋ, ರೇಷ್ಮೆ ಹುಳುವಿನ ಮೈಯೊಳಗೋ ಸೇರಿದರೆ ಮಾತ್ರ ಅದು ಒಂದಕ್ಕೆ ಸಾವಿರವಾಗುತ್ತದೆ. ಹೊರಗಿದ್ದಾಗ ಅದು ಕಣಜದಲ್ಲಿಟ್ಟ ಬಿತ್ತನೆ ರಾಗಿಯ ಹಾಗೆ. ಹೊರಗೆ ಒಂದು ಸಿಪ್ಪೆ, ಒಳಗೆ ಮೊಳಕೆಯ ಶಕ್ತಿ. ರಾಗಿಯನ್ನು ಹುರಿದು ಬಿತ್ತಿದರೆ ಹುಟ್ಟುತ್ತದೆಯೇ? ಇಲ್ಲ. ಕಾಳು ಕಣ್ಣಿಗೆ ಕಾಣುತ್ತದೆ, ಆದರೆ ಮೊಳೆಯುವ ಶಕ್ತಿ ಹೋಗಿರುತ್ತದೆ. ಹಾಗೆಯೇ ವೈರಸ್ಸಿನ ಸಿಪ್ಪೆಯನ್ನೋ ಒಳಗಿನ ತಿರುಳನ್ನೋ ಕೆಡಿಸಿಬಿಟ್ಟರೆ ಅದು ಮತ್ತೆ ಬೆಳೆಯಲಾರದು. ಇದಕ್ಕೆ ವಿಜ್ಞಾನಿಗಳು ನಿಷ್ಕ್ರಿಯಗೊಳಿಸುವುದು ಎನ್ನುತ್ತಾರೆ.

ಇನ್ನು ಅದರ ಗಾತ್ರ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ನ್ಯಾನೊಮೀಟರ್ ಎಂದು ಹೆಸರು. ಕಾಲುಬಾಯಿ ಜ್ವರದ ವೈರಸ್ ಸುಮಾರು 30 ನ್ಯಾನೊಮೀಟರ್. ಕೊರೊನಾ ವೈರಸ್ ಸುಮಾರು 100 ನ್ಯಾನೊಮೀಟರ್. ಇಷ್ಟು ಸಣ್ಣ ಶತ್ರುವಿಗೆ ಅಷ್ಟೇ ಸಣ್ಣ ಪುಡಿಯನ್ನು ತಯಾರಿಸಿದರೆ ಹೇಗೆ ಎಂಬ ಯೋಚನೆಯಿಂದಲೇ ನ್ಯಾನೊ ಪುಡಿ ಹುಟ್ಟಿತು. ನ್ಯಾನೊ ಎಂಬ ಮಾತು ತಮಗೆ ಹೊಸದಲ್ಲ. 2021ರಲ್ಲಿ ಇಫ್ಕೊ ಸಂಸ್ಥೆಯವರು ನ್ಯಾನೊ ಯೂರಿಯಾ ಬಾಟಲಿ ತಂದಂದಿನಿಂದ ತಾವು ಅದನ್ನು ಕೇಳುತ್ತಲೇ ಇದ್ದೀರಿ.

ವೈರಸ್ಸಿನ ಮೇಲೆ ಕೆಲಸ ಮಾಡುವ ಪುಡಿಗಳಲ್ಲಿ ಬಹಳವು ಲೋಹದ ಆಕ್ಸೈಡುಗಳು. ಹೆಸರಿಗೆ ಹೆದರಬೇಕಾಗಿಲ್ಲ. ಲೋಹವು ಗಾಳಿಯಲ್ಲಿರುವ ಆಮ್ಲಜನಕದೊಡನೆ ಕೂಡಿಕೊಂಡರೆ ಆಕ್ಸೈಡ್ ಆಗುತ್ತದೆ. ನೇಗಿಲ ಕುಳಕ್ಕೆ ಹಿಡಿಯುವ ತುಕ್ಕು ಕಬ್ಬಿಣದ ಆಕ್ಸೈಡ್. ತುರಿಕೆಗೆ ಹಚ್ಚುವ ಬಿಳಿಯ ಮುಲಾಮಿನಲ್ಲಿರುವುದು ಸತುವಿನ ಆಕ್ಸೈಡ್. ಬಿಳಿ ಪೇಂಟಿಗೆ ಬಿಳುಪು ಕೊಡುವುದು ಟೈಟೇನಿಯಂ ಎಂಬ ಲೋಹದ ಆಕ್ಸೈಡ್. ಕ್ಯಾಲ್ಸಿಯಂ ಸಹ ಒಂದು ಲೋಹವೇ. ಅದರ ಆಕ್ಸೈಡನ್ನು ತಾವು ಯಾವ ಹೆಸರಿನಿಂದ ಕರೆಯುತ್ತೀರಿ ಬಲ್ಲಿರಾ? ಸುಟ್ಟ ಸುಣ್ಣ!

ಹಿಂದಿನ ವಾರ ಇನ್ನೊಂದು ಊರಿನಲ್ಲಿ ಈ ಮಾತು ಹೇಳಿದಾಗ ಹಿಂದೆ ಕುಳಿತಿದ್ದ ಒಬ್ಬ ತಾತ ನಕ್ಕು, "ಏನಪ್ಪಾ, ಸುಣ್ಣ ಬಳಿಯೋದು ಹೇಳಿಕೊಡೋಕೆ ಡಿಪ್ಲೊಮಾ ಓದಬೇಕಾಗಿತ್ತಾ?" ಎಂದರು. "ಓದಬೇಕಾಗಿತ್ತು ತಾತ, ಓದುವುದಕ್ಕೆ ಮುಂಚೆ ನಮ್ಮ ಮನೆಯಲ್ಲಿ ಸುಣ್ಣ ಬಳಿಯುವುದು ಸರಿಯಾಗಿ ಗೊತ್ತಿರಲಿಲ್ಲ" ಎಂದೆ. ಆ ಕಥೆಯನ್ನು ಆಮೇಲೆ ಹೇಳುತ್ತೇನೆ.

ಪುಡಿ ಸಣ್ಣದಾದರೆ ಏನು ಲಾಭ? ರಾಗಿಯನ್ನು ಇಡಿಯಾಗಿ ಬೇಯಿಸಿದರೆ ಎಷ್ಟು ಹೊತ್ತು ಬೇಕು, ಹಿಟ್ಟು ಮಾಡಿ ಬೇಯಿಸಿದರೆ ಎಷ್ಟು ಹೊತ್ತು ಬೇಕು ಎಂಬುದು ತಾಯಂದಿರಿಗೆ ಗೊತ್ತು. ಹಿಟ್ಟಾದಾಗ ನೀರಿಗೆ ತಗಲುವ ಮೈ ಹೆಚ್ಚಾಗುತ್ತದೆ. ಒಂದು ಲೆಕ್ಕ ಹೇಳುತ್ತೇನೆ. ಉದ್ದ, ಅಗಲ, ಎತ್ತರ ಎಲ್ಲವೂ ಒಂದೊಂದು ಸೆಂಟಿಮೀಟರ್ ಇರುವ ಒಂದು ಸುಣ್ಣದ ತುಂಡನ್ನು ತೆಗೆದುಕೊಳ್ಳಿ. ಅದರ ಆರು ಮುಖಗಳನ್ನು ಕೂಡಿಸಿದರೆ ಆರು ಚದರ ಸೆಂಟಿಮೀಟರ್. ಒಂದು ವೀಳ್ಯದೆಲೆಯ ಮೂಲೆಯಷ್ಟು. ಅದೇ ತುಂಡನ್ನು ಹತ್ತು ಹತ್ತು ನ್ಯಾನೊಮೀಟರ್ ತುಂಡುಗಳಾಗಿ ಕತ್ತರಿಸಿ, ಎಲ್ಲ ಮುಖಗಳನ್ನೂ ನೆಲಕ್ಕೆ ಹರಡಲು ಸಾಧ್ಯವಾದರೆ 600 ಚದರ ಮೀಟರ್ ಆಗುತ್ತದೆ. ಎಂದರೆ ಸುಮಾರು ಆರು ಗುಂಟೆ! ಪದಾರ್ಥ ಅಷ್ಟೇ, ತಗಲುವ ಮೈ ಮಾತ್ರ ಹತ್ತು ಲಕ್ಷ ಪಾಲು. ನ್ಯಾನೊ ಪುಡಿಯ ಬಲದ ಮುಖ್ಯ ಗುಟ್ಟು ಇದು.

ಈ ಪುಡಿಗಳು ವೈರಸ್ಸನ್ನು ಕೆಡಿಸುವ ದಾರಿ ಮೂರು. ಸುಣ್ಣವು ತನ್ನ ಕ್ಷಾರದಿಂದ ಸಿಪ್ಪೆಯನ್ನು ಬೇಯಿಸಿದಂತೆ ಕೆಡಿಸುತ್ತದೆ. ತಾಮ್ರ, ಸತುವಿನ ಆಕ್ಸೈಡುಗಳಿಂದ ಲೋಹದ ಅಂಶ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಂಡು ಸಿಪ್ಪೆಗೂ ತಿರುಳಿಗೂ ಹತ್ತಿ ಹಾಳುಮಾಡುತ್ತದೆ. ಟೈಟೇನಿಯಂ ಆಕ್ಸೈಡ್ ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಬಿದ್ದಾಗ ಚುರುಕಾಗಿ, ಪಕ್ಕದಲ್ಲಿರುವ ಗಾಳಿ ನೀರುಗಳಿಂದ ತೀಕ್ಷ್ಣವಾದ ಆಮ್ಲಜನಕವನ್ನು ಹುಟ್ಟಿಸಿ ವೈರಸ್ಸನ್ನು ಸುಡುತ್ತದೆ. ಮೂರು ದಾರಿಯಲ್ಲಿಯೂ ಒಂದು ಮಾತು ಸಮಾನ: ಪುಡಿಯ ಕೆಲಸ ನಡೆಯುವುದು ತಾನಿರುವ ಜಾಗದಲ್ಲಿ. ವೈರಸ್ ಅಲ್ಲಿಗೆ ಬಂದು ತಗಲಬೇಕು.

ಇದು ಬರಿಯ ಮಾತಲ್ಲ, ಪರೀಕ್ಷೆಯಾಗಿದೆ. ಕೊರೊನಾ ಬಂದ 2020ರಲ್ಲಿ ಅಮೆರಿಕದ ವಿಜ್ಞಾನಿಗಳು ಆ ವೈರಸ್ಸನ್ನು ಬೇರೆ ಬೇರೆ ವಸ್ತುಗಳ ಮೇಲೆ ಇಟ್ಟು ನೋಡಿದರು. ಪ್ಲಾಸ್ಟಿಕ್ಕಿನ ಮೇಲೆ ಅದು ಮೂರು ದಿನದವರೆಗೂ ಜೀವ ಹಿಡಿದಿತ್ತು. ತಾಮ್ರದ ಮೇಲೆ ನಾಲ್ಕು ಗಂಟೆ ಕಳೆದ ಮೇಲೆ ಬದುಕಿದ ವೈರಸ್ ಕಾಣಲಿಲ್ಲ. ಅದೇ ವರ್ಷ ಅಲ್ಲಿಯ ವರ್ಜೀನಿಯಾ ಟೆಕ್ ವಿಶ್ವವಿದ್ಯಾನಿಲಯದವರು ತಾಮ್ರದ ಆಕ್ಸೈಡಿನ ಕಣಗಳನ್ನು ಬಣ್ಣದ ಹಾಗೆ ಲೇಪಿಸಿ ನೋಡಿದಾಗ, ಒಂದು ಗಂಟೆಯಲ್ಲಿ ಶೇಕಡ 99.9ಕ್ಕೂ ಮೀರಿ ವೈರಸ್ ನಿಷ್ಕ್ರಿಯವಾಯಿತು. ನಮ್ಮ ದೇಶದಲ್ಲಿ ಹೈದರಾಬಾದಿನ ಎ.ಆರ್.ಸಿ.ಐ. ಮತ್ತು ಸಿ.ಸಿ.ಎಂ.ಬಿ. ಸಂಸ್ಥೆಗಳವರು ಬೆಂಗಳೂರಿನ ರೆಸಿಲ್ ಕೆಮಿಕಲ್ಸ್ ಎಂಬ ಕಂಪನಿಯೊಡನೆ ಸೇರಿ, ತಾಮ್ರದ ನ್ಯಾನೊಕಣ ಲೇಪಿಸಿದ ಹತ್ತಿಬಟ್ಟೆಯ ಮುಖಗವಸನ್ನು ತಯಾರಿಸಿದರು. ಅದರ ವಿಷಯ 2022ರಲ್ಲಿ ಪ್ರಕಟವಾಯಿತು. ದೂರದ ಮಾತೇಕೆ? ನಾವು ನೆಲಮಂಗಲದಿಂದ ಬೆಂಗಳೂರಿಗೆ ಹೋಗುವ ಕಡೆ, ದಾಸನಪುರ ಹೋಬಳಿಯ ಶಿವನಪುರದಲ್ಲಿಯೇ ಭಾರತ ಸರ್ಕಾರಕ್ಕೆ ಸೇರಿದ ನ್ಯಾನೊ ವಿಜ್ಞಾನದ ಒಂದು ಕೇಂದ್ರವಿದೆ. ಅದರ ಆವರಣಕ್ಕೆ ನಮ್ಮ ಹೊಳೆಯ ಹೆಸರನ್ನೇ ಇಟ್ಟು ಅರ್ಕಾವತಿ ಎಂದು ಕರೆದಿದ್ದಾರೆ.

ಇಷ್ಟೆಲ್ಲ ನಿಜವಾದರೆ ಆ ಅಕ್ಕನ ಬಾಟಲಿಯನ್ನು ಏಕೆ ಬೇಡವೆಂದೆ? ಈಗ ನಮ್ಮ ಮನೆಯ ಕಥೆ ಕೇಳಿ.

ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ತಂದೆಯವರು ನೂರು ಮೊಟ್ಟೆ ಹುಳು ಸಾಕಿದ್ದರು. ನಾಲ್ಕನೇ ಜ್ವರ ಎದ್ದು ಹುಳು ಚೆನ್ನಾಗಿ ಸೊಪ್ಪು ತಿನ್ನುತ್ತಿತ್ತು. ಗೂಡು ಮಾರಿದ ದುಡ್ಡಿನಲ್ಲಿ ಅಕ್ಕನ ಮದುವೆಯ ಸಾಲ ತೀರಿಸಬೇಕೆಂದು ಲೆಕ್ಕ ಹಾಕಿದ್ದರು. ಇನ್ನು ಎರಡು ದಿನದಲ್ಲಿ ಹಣ್ಣಾಗಬೇಕು ಎನ್ನುವಾಗ ಕೆಲವು ಹುಳುಗಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಸುತ್ತತೊಡಗಿದವು. ಮೈ ಊದಿ, ಗೆಣ್ಣು ಗೆಣ್ಣು ಉಬ್ಬಿ, ಚರ್ಮ ಹೊಳೆಯುತ್ತಿತ್ತು. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು ಸುರಿಯುತ್ತಿತ್ತು. ತಾವು ಬಲ್ಲಿರಿ, ಅದು ಹಾಲು ತೊಂಡೆ ರೋಗ. ಮೂರು ದಿನದಲ್ಲಿ ಮನೆಯೆಲ್ಲ ನಾರಿತು. ಇಪ್ಪತ್ತೈದು ದಿನ ನಿದ್ರೆಗೆಟ್ಟು ಸಾಕಿದ ಹುಳುವನ್ನು ನಮ್ಮ ತಾಯಿ ಬುಟ್ಟಿಯಲ್ಲಿ ಹೊತ್ತು ಗುಂಡಿಗೆ ಸುರಿದರು. ಆ ವರ್ಷ ಒಂದು ಸೀಮೆಹಸು ಮಾರಿದೆವು.

ತಂದೆಯವರು ಸೋಮಾರಿಗಳಲ್ಲ. ಹುಳು ಕಟ್ಟುವುದಕ್ಕೆ ಮುಂಚೆ ಹುಳು ಮನೆಗೆ ಸುಣ್ಣ ಬಳಿದಿದ್ದರು, ನೆಲಕ್ಕೆ ಸುಣ್ಣ ಚೆಲ್ಲಿದ್ದರು. ಆದರೆ ಯಾವ ಸುಣ್ಣ? ಹಿಂದಿನ ಹಬ್ಬಕ್ಕೆ ತಂದು ಉಳಿದದ್ದು, ಬಾಯಿ ಬಿಚ್ಚಿದ ಚೀಲದಲ್ಲಿ ಹತ್ತು ತಿಂಗಳು ಜಗಲಿಯ ಮೂಲೆಯಲ್ಲಿ ಬಿದ್ದಿದ್ದ ಸುಣ್ಣ. ಬೆಳೆ ಹೋದದ್ದಕ್ಕೆ ಅದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಡಿಪ್ಲೊಮಾ ಓದುವಾಗ ನಮ್ಮ ಮೇಷ್ಟ್ರು ಸುಣ್ಣದ ಪಾಠ ಮಾಡಿದ ದಿನ ನನಗೆ ಆ ಚೀಲ ಕಣ್ಣ ಮುಂದೆ ಬಂತು.

ಸುಣ್ಣದ ಕಲ್ಲನ್ನು ಗೂಡಿನಲ್ಲಿಟ್ಟು ಸುಟ್ಟರೆ ಅದರಲ್ಲಿರುವ ಇಂಗಾಲದ ಅನಿಲ ಹಾರಿಹೋಗುತ್ತದೆ. 100 ಕಿಲೋ ಶುದ್ಧವಾದ ಕಲ್ಲಿಗೆ 44 ಕಿಲೋ ಅನಿಲ ಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿ, ಕಾದು, ಅರಳಿ ಪುಡಿಯಾಗುತ್ತದೆ. ಇದೇ ಅರಳಿದ ಸುಣ್ಣ. ಇದಕ್ಕೆ ಬಲವಾದ ಕ್ಷಾರವುಂಟು. ಆದರೆ ಅದನ್ನು ಗಾಳಿಗೆ ಬಿಟ್ಟರೆ, ಗಾಳಿಯಲ್ಲಿರುವ ಅದೇ ಇಂಗಾಲದ ಅನಿಲವನ್ನು ಮೆಲ್ಲಮೆಲ್ಲಗೆ ಹೀರಿಕೊಂಡು ಮತ್ತೆ ಕಲ್ಲಿನ ಪುಡಿಯಾಗಿಬಿಡುತ್ತದೆ. ನಮ್ಮ ಗಂಗಾಧರೇಶ್ವರನ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುವುದನ್ನು ನೋಡಲು ದೂರದೂರದಿಂದ ಭಕ್ತರು ಬೆಟ್ಟ ಹತ್ತಿ ಬರುತ್ತಾರೆ. ಸುಣ್ಣವು ಹಿಂದಕ್ಕೆ ತಿರುಗಿ ಕಲ್ಲಾಗುವುದಾದರೋ ನಮ್ಮೆಲ್ಲರ ಮನೆಯಲ್ಲೂ ದಿನವೂ ನಡೆಯುತ್ತಿದೆ, ನಾವು ನೋಡುವುದಿಲ್ಲ. ಬಣ್ಣ ಬಿಳಿಯೇ. ಗೋಡೆಗೆ ಬಳಿದರೆ ಬೆಳ್ಳಗೇ ಕಾಣುತ್ತದೆ. ಕ್ಷಾರ ಮಾತ್ರ ಹೋಗಿರುತ್ತದೆ. ತಂದೆಯವರು ಬಳಿದದ್ದು ಬಹುಮಟ್ಟಿಗೆ ಸೀಮೆಸುಣ್ಣ, ಬಾಂಧವರೇ.

ಹಾಗಾದರೆ ಜೀವವಿರುವ ಸುಣ್ಣವನ್ನು ಗುರುತಿಸುವುದು ಹೇಗೆ? ಅದಕ್ಕೆ ಪ್ರಯೋಗಶಾಲೆ ಬೇಡ. ಒಂದು ತಟ್ಟೆಯಲ್ಲಿ ಅರಿಸಿನದ ನೀರು ಮಾಡಿ, ಒಂದು ಚಿಟಿಕೆ ಸುಣ್ಣ ಹಾಕಿ. ಆರತಿಯ ಓಕುಳಿಯಂತೆ ಒಡನೆ ಗಾಢವಾದ ಕೆಂಪು ಬಂದರೆ ಸುಣ್ಣದಲ್ಲಿ ಕ್ಷಾರವಿದೆ. ಹಳದಿಯಾಗಿಯೇ ಉಳಿದರೆ, ಅಥವಾ ಮಂಕಾದ ಬಣ್ಣ ಬಂದರೆ ಅದು ಸತ್ತ ಸುಣ್ಣ. ಇನ್ನೊಂದು ಪರೀಕ್ಷೆ: ಸುಣ್ಣದ ಮೇಲೆ ನಿಂಬೆಹಣ್ಣಿನ ರಸ ಹಿಂಡಿ. ಚೆನ್ನಾಗಿ ನೊರೆ ಬಂದರೆ ಅದರಲ್ಲಿ ಕಲ್ಲಾದ ಭಾಗ ಬಹಳವಿದೆ ಎಂದು ತಿಳಿಯಿರಿ. ಎರಡು ನಿಮಿಷದ ಕೆಲಸ. ಹುಳು ಕಟ್ಟುವ ಮುಂಚೆ ಪ್ರತಿ ಸಲವೂ ಮಾಡಿ. ಸುಣ್ಣವನ್ನು ಬಾಯಿ ಮುಚ್ಚಿದ ಡಬ್ಬಿಯಲ್ಲೋ, ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲೋ ಇಡಿ.

ಹಾಲು ತೊಂಡೆ ರೋಗಕ್ಕೂ ಸುಣ್ಣಕ್ಕೂ ಇರುವ ಸಂಬಂಧ ಬಹಳ ಸ್ವಾರಸ್ಯವಾದದ್ದು. ಈ ವೈರಸ್ ಬರಿಮೈಯಲ್ಲಿರುವುದಿಲ್ಲ. ಹಲವು ವೈರಸ್‌ಗಳು ಒಟ್ಟಾಗಿ ಒಂದು ಗಟ್ಟಿಯಾದ ಹರಳಿನೊಳಗೆ ಸೇರಿಕೊಂಡಿರುತ್ತವೆ. ಬದನೆಕಾಯಿಯೊಳಗೆ ಬೀಜ ಇರುವ ಹಾಗೆ ಎನ್ನಿ. ರೋಗದ ಹುಳುವಿನ ಒಂದು ಹನಿ ಹಾಲಿನಲ್ಲಿ ಲೆಕ್ಕವಿಲ್ಲದಷ್ಟು ಹರಳುಗಳಿರುತ್ತವೆ. ಹುಳು ಮನೆಯ ಬಿರುಕಿನಲ್ಲಿ, ತಟ್ಟೆಯ ಹೆಣಿಗೆಯಲ್ಲಿ, ಚಂದ್ರಿಕೆಯ ಸಂದಿನಲ್ಲಿ ಈ ಹರಳು ವರ್ಷಗಟ್ಟಲೆ ಕೆಡದೆ ಕೂತಿರುತ್ತದೆ. ಮುಂದಿನ ಬೆಳೆಯಲ್ಲಿ ಸೊಪ್ಪಿನೊಡನೆ ಹುಳುವಿನ ಹೊಟ್ಟೆಗೆ ಸೇರಿದರೆ, ಹುಳುವಿನ ಹೊಟ್ಟೆಯ ರಸವೇ ಬಲವಾದ ಕ್ಷಾರವಾದ್ದರಿಂದ ಹರಳು ಕರಗಿ ವೈರಸ್ ಹೊರಗೆ ಬರುತ್ತದೆ.

ಕಳ್ಳನು ಯಾವ ಬೀಗದ ಕೈಯಿಂದ ಬಾಗಿಲು ತೆಗೆಯುತ್ತಾನೋ ಅದೇ ಬೀಗದ ಕೈ ನಮ್ಮ ಕೈಯಲ್ಲೂ ಇದೆ. ಸುಣ್ಣದ ಕ್ಷಾರವು ಹೊರಗಡೆಯೇ ಆ ಹರಳನ್ನು ಸಡಿಲಿಸುತ್ತದೆ. ಆಗ ಬಯಲಾದ ವೈರಸ್ಸನ್ನು ಬ್ಲೀಚಿಂಗ್ ಪುಡಿ ಕೊಲ್ಲುತ್ತದೆ. ಆದ್ದರಿಂದಲೇ ರೇಷ್ಮೆ ಇಲಾಖೆಯವರು ಎರಡನ್ನೂ ಕೂಡಿಸಿ ಬಳಸಿರಿ ಎಂದು ಹೇಳುವುದು. ಬ್ಲೀಚಿಂಗ್ ಪುಡಿಯೊಂದನ್ನೇ ಹಾಕಿ ಸುಣ್ಣ ಬಿಟ್ಟರೆ ಹರಳಿನೊಳಗಿನ ವೈರಸ್ ಉಳಿದುಕೊಳ್ಳಬಹುದು. ಸುಣ್ಣ ಹಾಕಿಯೂ ಅದು ಸತ್ತ ಸುಣ್ಣವಾಗಿದ್ದರೆ ಆಗಲೂ ಅಷ್ಟೇ.

ಕ್ರಮವನ್ನು ಹೇಳುತ್ತೇನೆ, ದಯಮಾಡಿ ಮನಸ್ಸಿನಲ್ಲಿಡಿ. ಬೆಳೆ ಮುಗಿದು ಗೂಡು ಬಿಡಿಸಿದ ಮೇಲೆ ಕಸ, ಹಿಕ್ಕೆ, ಸತ್ತ ಹುಳು ಎಲ್ಲವನ್ನೂ ತೆಗೆದು, ಹುಳು ಮನೆಯಿಂದ ದೂರದಲ್ಲಿ ಗುಂಡಿಗೆ ಹಾಕಿ ಮುಚ್ಚಬೇಕು. ನೆಲ, ಗೋಡೆ, ತಟ್ಟೆ, ಚಂದ್ರಿಕೆಗಳನ್ನು ನೀರಿನಿಂದ ಉಜ್ಜಿ ತೊಳೆಯಬೇಕು. ಇದು ಬಹಳ ಮುಖ್ಯ. ಕೊಳೆಯ ಅಡಿಯಲ್ಲಿ ಕೂತ ವೈರಸ್ಸಿಗೆ ಯಾವ ಔಷಧಿಯೂ ತಗಲದು. ಅನಂತರ 100 ಲೀಟರ್ ನೀರಿಗೆ 2 ಕಿಲೋ ಹೊಸ ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿದ ಸುಣ್ಣ. ಎರಡನ್ನೂ ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ, ಉಳಿದ ನೀರಿಗೆ ಸೇರಿಸಿ, ಚೆನ್ನಾಗಿ ತಿರುವಿ, ಗಷ್ಟು ತಳಕ್ಕೆ ಕೂತ ಮೇಲೆ ಬಟ್ಟೆಯಲ್ಲಿ ಸೋಸಿ ಸಿಂಪಡಿಸಿ. ಮಂಜಿನ ಹಾಗೆ ಹೊಡೆದು ಬಂದರೆ ಸಾಲದು. ಗೋಡೆಯಿಂದ ನೀರಿಳಿಯಬೇಕು, ಅರ್ಧ ಗಂಟೆಯಾದರೂ ಒದ್ದೆಯಾಗಿರಬೇಕು. ಮೂಗುಬಾಯಿಗೆ ಬಟ್ಟೆ, ಕೈಗೆ ಗವಸು, ಕಣ್ಣಿಗೆ ಕನ್ನಡಕ ಇರಲಿ. ಬ್ಲೀಚಿಂಗ್ ಪುಡಿಯೊಡನೆ ಫಾರ್ಮಲಿನ್ನನ್ನಾಗಲಿ ಆಸಿಡ್ಡನ್ನಾಗಲಿ ಎಂದೂ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ. ಕೆಲಸ ಮುಗಿದೊಡನೆ ಸಿಂಪಡಿಸುವ ಯಂತ್ರವನ್ನು ತೊಳೆದಿಡಿ, ಇಲ್ಲವಾದರೆ ಲೋಹದ ಭಾಗ ತುಕ್ಕು ಹಿಡಿಯುತ್ತದೆ. ಇದೆಲ್ಲವೂ ಖಾಲಿ ಮನೆಗೆ. ಹುಳು ಇರುವಾಗ ಈ ನೀರನ್ನು ಹುಳುವಿನ ಮೇಲೆ ಹೊಡೆಯಕೂಡದು.

ಹುಳು ಸಾಕುವಾಗ, ಅದು ಜ್ವರಕ್ಕೆ ಕೂತ ಹೊತ್ತಿನಲ್ಲಿ ಹಾಸಿಗೆಯ ಮೇಲೆ ತೆಳುವಾಗಿ ಸುಣ್ಣದ ಪುಡಿ ಉದುರಿಸಿದರೆ ತೇವ ಆರಿ ರೋಗ ಹರಡುವುದು ತಗ್ಗುತ್ತದೆ. ಜ್ವರ ಎದ್ದ ಮೇಲೆ, ಸೊಪ್ಪು ಕೊಡುವ ಮುಂಚೆ, ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯವರು ಸಿದ್ಧಪಡಿಸಿದ ವಿಜೇತ ಮೊದಲಾದ ಹಾಸಿಗೆ ಪುಡಿಗಳನ್ನು ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿ ಬಳಸಿ. ರೋಗದ ಹುಳು ಕಂಡರೆ ಕಡ್ಡಿಯಿಂದ ಎತ್ತಿ ಸುಣ್ಣ, ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬೋಗುಣಿಗೆ ಹಾಕಿ, ಆಮೇಲೆ ಹೂಳಿ. ಕೋಳಿಗೆ ಹಾಕಬೇಡಿ. ಕೋಳಿಯ ಹಿಕ್ಕೆಯಿಂದ ಅದೇ ಹರಳು ನಿಮ್ಮ ಹಿಪ್ಪುನೇರಳೆ ತೋಟಕ್ಕೆ ಬಂದು ಸೇರುತ್ತದೆ.

ಹುಳು ಇಲ್ಲದವರು ತಮಗೇನು ಎಂದು ಏಳಬೇಡಿ. ಕೊಟ್ಟಿಗೆಯ ಮಾತು ಬಂತು. 2013ರಲ್ಲಿ ಕಾಲುಬಾಯಿ ಜ್ವರ ನಮ್ಮ ನಾಡಿನ ಎಷ್ಟೋ ಜಿಲ್ಲೆಗಳಲ್ಲಿ ಹಾವಳಿ ಮಾಡಿ ಸಾವಿರಾರು ದನಗಳನ್ನು ಕೊಂದದ್ದು ತಮಗೆ ನೆನಪಿರಬಹುದು. ಆ ವೈರಸ್ ಬಲವಾದ ಕ್ಷಾರವನ್ನೂ ತಾಳದು, ಹುಳಿಯನ್ನೂ ತಾಳದು. ಸುತ್ತಮುತ್ತ ರೋಗವಿದ್ದಾಗ ಕೊಟ್ಟಿಗೆಯ ಸಗಣಿ ತೆಗೆದು, ತೊಳೆದು, ಬಟ್ಟೆ ಸೋಡಾ ನೀರು ಹಾಕಿ: ಪುಡಿ ಸೋಡಾ ಆದರೆ ಲೀಟರಿಗೆ 40 ಗ್ರಾಂ, ಹರಳು ಸೋಡಾ ಆದರೆ ಲೀಟರಿಗೆ 100 ಗ್ರಾಂ. ಬಾಗಿಲಲ್ಲಿ ಅದೇ ನೀರಿನಲ್ಲಿ ನೆನೆಸಿದ ಗೋಣಿಚೀಲ ಹಾಸಿ, ಬರುವವರು ಅದರ ಮೇಲೆ ಕಾಲಿಟ್ಟು ಬರಲಿ. ಗೋಡೆಗೆ ಹೊಸ ಸುಣ್ಣ ಬಳಿಯಿರಿ. ಆದರೆ ದನದ ಬಾಯಿಗೂ ಕಾಲಿನ ಹುಣ್ಣಿಗೂ ಸುಣ್ಣ ಮುಟ್ಟಿಸಬೇಡಿ, ಸುಟ್ಟುಬಿಡುತ್ತದೆ.

ಇಲ್ಲಿಯೇ ನನ್ನ ಮುಖ್ಯವಾದ ಮಾತಿದೆ. ಸುಣ್ಣವಾಗಲಿ, ಸೋಡಾವಾಗಲಿ, ನ್ಯಾನೊ ಪುಡಿಯಾಗಲಿ, ಇವೆಲ್ಲ ಹೊಸ್ತಿಲ ಕಾವಲುಗಾರರು. ಗೋಡೆಯ ಮೇಲೆ, ನೆಲದ ಮೇಲೆ, ಬಟ್ಟೆಯ ಮೇಲೆ ಇರುವ ವೈರಸ್ಸನ್ನು ತಗಲಿದಾಗ ಕೆಡಿಸಬಲ್ಲವು. ದನದ ರಕ್ತದೊಳಗೆ ಹೊಕ್ಕ ವೈರಸ್ಸನ್ನು ಹಿಡಿಯಲು ಇವು ಒಳಗೆ ಹೋಗಲಾರವು. ಹೋದರೆ ವೈರಸ್ಸಿಗೆ ಆಗುವ ಹಾನಿ ದನಕ್ಕೂ ಆಗುತ್ತದೆ. ಒಳಗಿನ ಕಾವಲಿಗೆ ಲಸಿಕೆಯೇ ಬೇಕು. 2019ರಲ್ಲಿ ಆರಂಭವಾದ ಕೇಂದ್ರದ ಯೋಜನೆಯಲ್ಲಿ ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಲಸಿಕೆ ಹಾಕುತ್ತಾರೆ. ಪಶುವೈದ್ಯರು ಊರಿಗೆ ಬಂದ ದಿನ ದನವನ್ನು ಮೇಯಲು ಹೊಡೆಯದೆ ಮನೆಯಲ್ಲಿ ಕಟ್ಟಿರಿ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ದನದ ಸಂತೆ ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತಲ್ಲವೆ? ಆ ರೋಗವನ್ನು ನೊಣ ಸೊಳ್ಳೆಗಳು ಹೊತ್ತು ತರುತ್ತವೆ. ಅದಕ್ಕೆ ಗೋಡೆಯ ಸುಣ್ಣವೊಂದೇ ಸಾಲದು.

ಈಗ ಆ ಅಕ್ಕನ ಬಾಟಲಿಗೆ ಬರೋಣ. ವಿಜ್ಞಾನಿಗಳು ನ್ಯಾನೊಕಣವನ್ನು ಬಟ್ಟೆಗೆ ಲೇಪಿಸಿದರು, ಬಣ್ಣದ ಹಾಗೆ ಬಳಿದರು. ಇಂಥ ವೈರಸ್, ಇಷ್ಟು ಹೊತ್ತು ಎಂದು ಅಳೆದು ಹೇಳಿದರು. ಆ ವ್ಯಾಪಾರಿ ಎಲ್ಲ ವೈರಸ್ಸಿಗೂ, ಎಲ್ಲ ಪ್ರಾಣಿಗೂ, ಒಳಗೂ ಹೊರಗೂ ಒಂದೇ ಬಾಟಲಿ ಎಂದ. ವ್ಯತ್ಯಾಸ ಇಷ್ಟೇ, ಆದರೆ ನೂರು ಮೊಟ್ಟೆ ಹುಳುವಿನ ಬೆಲೆಯಷ್ಟು ದೊಡ್ಡದು. ಪುಡಿ ಸಣ್ಣದಾದಷ್ಟೂ ಉಸಿರಿನೊಡನೆ ಎದೆಗೆ ಇಳಿಯುವುದು ಸುಲಭ. ತಾಮ್ರ, ಸತುವಿನ ಸಣ್ಣ ಕಣ ಮಿತಿ ಮೀರಿ ಕೆರೆಗೋ ಮಣ್ಣಿಗೋ ಸೇರಿದರೆ ಮೀನಿಗೂ ಮಣ್ಣಿನ ಜೀವಾಣುಗಳಿಗೂ ಕೇಡು. ಇದಕ್ಕಾಗಿಯೇ ಭಾರತ ಸರ್ಕಾರವು ಬೇಸಾಯಕ್ಕೆ ಬರುವ ನ್ಯಾನೊ ವಸ್ತುಗಳನ್ನು ಹೇಗೆ ಪರೀಕ್ಷಿಸಬೇಕೆಂದು 2020ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿದೆ.

ಆದ್ದರಿಂದ ಯಾರಾದರೂ ಇಂಥ ಬಾಟಲಿ ತಂದರೆ ಅವರನ್ನು ಬೈದು ಕಳುಹಿಸಬೇಡಿ, ಕೂರಿಸಿ ನೀರು ಕೊಟ್ಟು ಐದು ಪ್ರಶ್ನೆ ಕೇಳಿ. ಇದರೊಳಗೆ ಇರುವ ಲೋಹ ಯಾವುದು, ಎಷ್ಟು? ಯಾವ ರೋಗದ ವೈರಸ್ಸಿನ ಮೇಲೆ, ಯಾವ ಸಂಸ್ಥೆಯವರು ಪರೀಕ್ಷೆ ಮಾಡಿದ್ದಾರೆ? ಎಷ್ಟು ಹೊತ್ತು ತಗಲಿಕೊಂಡಿರಬೇಕು? ಹುಳುವಿಗೂ ದನಕ್ಕೂ ಹೊಡೆಯುವವರಿಗೂ ಅಪಾಯವಿಲ್ಲವೆಂಬುದಕ್ಕೆ ಏನು ಆಧಾರ? ತಯಾರಿಸಿದವರ ವಿಳಾಸ, ತಾರೀಖು ಎಲ್ಲಿ? ಐದಕ್ಕೂ ಉತ್ತರ ಕೊಟ್ಟರೆ ಆ ಕಾಗದವನ್ನು ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಕ್ಕೋ ಪಶು ಆಸ್ಪತ್ರೆಗೋ ತೋರಿಸಿ, ಆಮೇಲೆ ಕೊಳ್ಳಿ. ಉತ್ತರ ಕೊಡದಿದ್ದರೆ ನೀರು ಕುಡಿಸಿದ ಪುಣ್ಯ ತಮ್ಮದು, ದುಡ್ಡು ತಮ್ಮ ಗಂಟಿನಲ್ಲೇ ಇರಲಿ.

ನಾಳೆ ಪರೀಕ್ಷೆಯಾದ ಒಳ್ಳೆಯ ನ್ಯಾನೊ ಪುಡಿ ನಮ್ಮ ಹುಳು ಮನೆಗೆ ಬಂದರೆ ಅದನ್ನು ತಮಗೆ ತೋರಿಸುವವರಲ್ಲಿ ನಾನು ಮೊದಲಿಗನಾಗಿರುತ್ತೇನೆ. ಆದರೆ ಆಗಲೂ ಸೂತ್ರ ಬದಲಾಗದು: ಮೊದಲು ಶುಚಿ, ಆಮೇಲೆ ತಗಲುವಿಕೆ, ಆಮೇಲೆ ಸಾಕಷ್ಟು ಹೊತ್ತು. ಈ ಮೂರನ್ನೂ ಮಾಡುವವನಿಗೆ ಹೊಸ ಸುಣ್ಣವೂ ದೊಡ್ಡ ಔಷಧಿ. ಮೂರನ್ನೂ ಬಿಡುವವನಿಗೆ ನ್ಯಾನೊ ಪುಡಿಯೂ ಬರಿಯ ಬಿಳಿ ಮಣ್ಣು.

ನಮ್ಮ ತಂದೆಯವರು ಈಗಲೂ ಹುಳು ಸಾಕುತ್ತಾರೆ. ಪ್ರತಿ ಬೆಳೆಗೂ ಮುಂಚೆ ನಮ್ಮ ತಾಯಿ ಅಡಿಗೆಮನೆಯಿಂದ ಅರಿಸಿನದ ತಟ್ಟೆ ತಂದು ಜಗಲಿಯ ಮೇಲೆ ಇಡುತ್ತಾರೆ. ಕೆಂಪು ಬಂದರೆ ಕೆಲಸ ಮುಂದಕ್ಕೆ. ಬಾರದಿದ್ದರೆ ದಾಬಸ್‌ಪೇಟೆಗೆ ಹೋಗಿ ಹೊಸ ಸುಣ್ಣ ತರುವುದು ನನ್ನ ಪಾಲಿನ ಕೆಲಸ. ಇಂದು ರಾತ್ರಿ ಮನೆಗೆ ಹೋದೊಡನೆ ತಾವೂ ತಮ್ಮ ಸುಣ್ಣದ ಡಬ್ಬಿಯನ್ನು ಒಮ್ಮೆ ಪರೀಕ್ಷಿಸಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಕೆಂಪು ಬಾರದವರು ನಾಳೆ ಬೆಳಿಗ್ಗೆ ನನಗೆ ಹೇಳಿ, ಎಲ್ಲರಿಗೂ ಒಟ್ಟಿಗೆ ತರಿಸೋಣ.